ಕಡಿದವರು ಯಾರು, ತುಂಬಿದವರು ಯಾರು?

ಪುತ್ತೂರು ಕಡೆಯ ಒಂದು ಹಳ್ಳಿ, ಮೇ ತಿಂಗಳ ಕೊನೆಯ ವಾರ. ರಾತ್ರಿಯಿಡೀ ಹೊಯ್ದ ಮಳೆ ಬೆಳಗಾಗುವಾಗ ಬಿಟ್ಟಿತ್ತು. ಕೆಳಗಿನ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲು ಮುಚ್ಚಿಹೋಗುವಷ್ಟು ಕೆಂಪು ಮಣ್ಣು ಬಂದು ಬಿದ್ದಿತ್ತು. ಮಣ್ಣಿನ ನಡುವೆ ಬೇರುಸಮೇತ ಒಂದು ದಾಸವಾಳದ ಗಿಡ. ಅದರಲ್ಲಿ ಆ ದಿನದ ಹೂವು ಅರಳಿಕೊಂಡೇ ಇತ್ತು. ಗಿಡ ಮೇಲಿನ ಮನೆಯದು.

ಮೇಲಿನ ಮನೆಯವರು ನಿವೃತ್ತ ಶಿಕ್ಷಕರು. ಕೆಳಗಿನ ಮನೆಯವರು ಬೀಡಿ ಎಲೆಯ ಮೊರವನ್ನು ಸೊಂಟಕ್ಕೆ ಒತ್ತಿಕೊಂಡೇ ಹೊರಗೆ ಬಂದು ಕೂಗಿದರು: "ಮಾಸ್ಟ್ರೇ, ನಿಮ್ಮ ಅಂಗಳ ನಮ್ಮ ಅಂಗಳಕ್ಕೆ ಬಂದಿದೆ, ಸ್ವಲ್ಪ ನೋಡಿ."

ಮಾಸ್ಟ್ರು ದರೆಯ ಅಂಚಿನಿಂದ ಎರಡು ಹೆಜ್ಜೆ ಹಿಂದೆಯೇ ನಿಂತರು. "ನಾನೇನು ಮಾಡಲಿ ಅಕ್ಕ? ಗುಡ್ಡ ಸರಿಯಾಗಿಯೇ ಇತ್ತು. ದರೆ ಕಡಿಸಿದ್ದು ನೀವಲ್ಲವಾ?"

"ಕಡಿದದ್ದು ಜೆಸಿಬಿಯವ. ಗೋಡೆ ಹಾಗೆ ನೇರ ಕಡಿ ಅಂತ ನಾನು ಹೇಳಿದ್ದಾ?"

ಹತ್ತು ಹನ್ನೆರಡು ವರ್ಷಗಳಿಂದ ಹಲಸಿನ ಹಣ್ಣು, ಮಜ್ಜಿಗೆ, ಮದುವೆ ಕಾಗದಗಳು ಹೋಗಿ ಬಂದು ಮಾಡಿದ ಎರಡು ಮನೆಗಳ ನಡುವೆ ಬಂದ ಮೊದಲ ಜೋರು ಮಾತು ಅದು. ಮಳೆಗಾಲ ಹತ್ತಿರ ಬಂದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇಂಥದೇ ಪ್ರಶ್ನೆ ಮತ್ತೆ ಮತ್ತೆ ಇರುತ್ತದೆ. ಮೇಲಿನ ಜಾಗ ಒಬ್ಬರದು, ಕೆಳಗಿನ ಜಾಗ ಇನ್ನೊಬ್ಬರದು, ನಡುವೆ ಎದ್ದು ನಿಂತ ದರೆ. ತಡೆಗೋಡೆ ಕಟ್ಟಬೇಕಾದವರು ಯಾರು? ಮೇಲಿನವರ ಮಣ್ಣು, ಮೇಲಿನವರೇ ಹಿಡಿದುಕೊಳ್ಳಲಿ ಎಂಬುದು ಕೆಳಗಿನವರ ವಾದ. ಬೀಳುವುದು ಕೆಳಗಿನವರ ಮನೆಯ ಮೇಲೆ, ಭಯವಿದ್ದವರು ಕಟ್ಟಲಿ ಎಂಬುದು ಮೇಲಿನವರ ವಾದ. ಎರಡೂ ಕೇಳುವುದಕ್ಕೆ ನ್ಯಾಯವೆನಿಸುತ್ತವೆ. ಆದರೆ ಕಾನೂನು ಇವೆರಡನ್ನೂ ಒಪ್ಪುವುದಿಲ್ಲ. ಮೇಲಿದ್ದವರು ಯಾರು, ಕೆಳಗಿದ್ದವರು ಯಾರು ಎಂಬುದು ಅದಕ್ಕೆ ಮುಖ್ಯವಲ್ಲ. ಮೊದಲಿದ್ದ ನೆಲವನ್ನು ಬದಲಿಸಿದವರು ಯಾರು ಎಂದು ಅದು ಕೇಳುತ್ತದೆ.

ಈ ನಿಯಮ ಇರುವುದು 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯಲ್ಲಿ. ಆ ವರ್ಷದ ಜುಲೈ 1ರಂದು, ಅಂದರೆ ಕರಾವಳಿಯಲ್ಲಿ ಮಳೆ ಬಿರುಸಾಗಿರುವ ದಿನಗಳಲ್ಲೇ, ಅದು ಜಾರಿಗೆ ಬಂತು. ಆಗ ಅದು ಇಡೀ ದೇಶಕ್ಕೆ ಅನ್ವಯವಾಗುತ್ತಿರಲಿಲ್ಲ. ಮದರಾಸು ಪ್ರಾಂತ್ಯ, ಮಧ್ಯ ಪ್ರಾಂತ್ಯ ಮತ್ತು ಕೊಡಗು ಎಂದು ಮೂರೇ ಹೆಸರು ಮೊದಲ ಕಲಮಿನಲ್ಲಿದ್ದವು. ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು. ಹಾಗಾಗಿ ಇಂದು ಮಳೆ ಬಂದರೆ ದರೆ ನೋಡಿಕೊಂಡೇ ಮಲಗುವ ಮಂಗಳೂರು, ಪುತ್ತೂರು, ಸುಳ್ಯ, ಮಡಿಕೇರಿಯ ಮನೆಗಳಿಗೆ ಈ ಕಾನೂನಿನ ನಂಟು ಸುಮಾರು ಒಂದೂವರೆ ಶತಮಾನದ್ದು.

ಅದರ 7ನೆಯ ಕಲಂ ಹೇಳುವುದಿಷ್ಟು: ಯಾವುದೇ ನೆಲ ತನ್ನ ಸಹಜ ಸ್ಥಿತಿಯಲ್ಲಿ ಇರುವಾಗ ಪಕ್ಕದ ಮತ್ತು ಕೆಳಗಿನ ಮಣ್ಣಿನಿಂದ ಸಹಜವಾಗಿ ಸಿಗುತ್ತಿದ್ದ ಆಧಾರ ಅದಕ್ಕೆ ಸಿಗುತ್ತಲೇ ಇರಬೇಕು. ಇದು ಭೂಮಿಯ ಒಡೆತನದ ಜೊತೆಗೇ ಬರುವ ಹಕ್ಕು, ಯಾವ ಕ್ರಯಪತ್ರದಲ್ಲೂ ಬರೆದಿರಬೇಕಾಗಿಲ್ಲ. ಇಳಿಜಾರಿನಲ್ಲಿ ಎರಡು ಜಾಗ ಒಂದಕ್ಕೊಂದು ಒರಗಿಕೊಂಡಿರುತ್ತವೆ. ಕೆಳಗಿನವರು ಮನೆಯ ತಟ್ಟಿಗಾಗಿ ಗುಡ್ಡ ಕಡಿದರೆ ಮೇಲಿನ ನೆಲಕ್ಕೆ ಒರಗುವುದಕ್ಕೆ ಏನೂ ಉಳಿಯುವುದಿಲ್ಲ. ತಾನು ತೆಗೆದುಹಾಕಿದ ಆಧಾರಕ್ಕೆ ಬದಲಾಗಿ ಇನ್ನೊಂದು ಆಧಾರ ಕೊಡುವ ಹೊಣೆ ಆಗ ಕಡಿದವರ ಮೇಲೆ ಬೀಳುತ್ತದೆ. ಆ ಬದಲಿ ಆಧಾರವೇ ತಡೆಗೋಡೆ.

ಅದೇ ಕಲಮಿನ ವಿವರಣೆಯಲ್ಲಿ ಇನ್ನೊಂದು ಮಾತಿದೆ. ಅಗೆಯದೇ ಇದ್ದ, ಕೃತಕ ಭಾರ ಹೇರದೇ ಇದ್ದ ನೆಲ ಮಾತ್ರ ಸಹಜ ಸ್ಥಿತಿಯ ನೆಲ. ಮೇಲಿನವರು ಅಂಗಳ ಸಮ ಮಾಡಲೆಂದು ಲಾರಿಗಟ್ಟಲೆ ಮಣ್ಣು ತಂದು ಅಂಚಿನವರೆಗೆ ತುಂಬಿದ್ದರೆ ಆ ತುಂಬಿದ ಮಣ್ಣನ್ನು ಹಿಡಿದುಕೊಳ್ಳುವ ಹೊಣೆ ಕೆಳಗಿನವರದ್ದಲ್ಲ, ತುಂಬಿದವರದ್ದೇ. ತುಂಬಿದ ಮಣ್ಣು ಪಕ್ಕದ ಅಂಗಳಕ್ಕೆ ಜಾರಿದರೆ ನಷ್ಟ ಕಟ್ಟಿಕೊಡಬೇಕಾದವರೂ ಅವರೇ.

ಮನೆಯ ಭಾರದ ವಿಷಯ ಇನ್ನೂ ಬೇರೆ. ಖಾಲಿ ನೆಲಕ್ಕೆ ಇರುವ ಹಕ್ಕು ಕಟ್ಟಡಕ್ಕೆ ತಾನಾಗಿ ಬರುವುದಿಲ್ಲ. ಪಕ್ಕದ ನೆಲದ ಆಧಾರದ ಮೇಲೆ ಒಂದು ಕಟ್ಟಡ 20 ವರ್ಷ ತಂಟೆ ತಕರಾರಿಲ್ಲದೆ, ಅಡ್ಡಿಯಿಲ್ಲದೆ ನಿಂತಿದ್ದರೆ ಆಗ ಆ ಕಟ್ಟಡಕ್ಕೂ ಆಧಾರದ ಹಕ್ಕು ಬರುತ್ತದೆ ಎನ್ನುತ್ತದೆ 15ನೆಯ ಕಲಂ. ಹಾಗೆಂದು 19 ವರ್ಷದ ಮನೆಯ ಪಕ್ಕ ಹೇಗೆ ಬೇಕಾದರೂ ಅಗೆಯಬಹುದು ಎಂದಲ್ಲ. ಅಜಾಗರೂಕತೆಯಿಂದ ಅಗೆದು ನಷ್ಟ ಮಾಡಿದರೆ ಅದು ಬೇರೆಯೇ ತಪ್ಪು. ಜೊತೆಗೆ, ಮೇಲೆ ಮನೆಯೇ ಇಲ್ಲದಿದ್ದರೂ ಈ ದರೆ ಜರಿಯುತ್ತಿತ್ತೇ ಎಂಬ ಪ್ರಶ್ನೆಯೂ ಏಳುತ್ತದೆ. ಹೌದು, ಜರಿಯುತ್ತಿತ್ತು ಎಂದು ಎಂಜಿನಿಯರ್ ಸಾಕ್ಷಿ ಹೇಳಿದರೆ ಮನೆಯ ವಯಸ್ಸು ಎಷ್ಟೆಂಬ ಚರ್ಚೆಗೆ ಹೆಚ್ಚಿನ ಬೆಲೆ ಇರುವುದಿಲ್ಲ.

ಈ 20 ವರ್ಷದ ಲೆಕ್ಕಕ್ಕೆ ಹಿನ್ನೆಲೆಯಾಗಿ ಒಂದು ಕುದುರೆಗಾಡಿ ಕಾರ್ಖಾನೆಯ ಕಥೆಯಿದೆ. ಇಂಗ್ಲೆಂಡಿನ ನ್ಯೂಕಾಸಲ್ ಊರಿನಲ್ಲಿ ಅಕ್ಕಪಕ್ಕ ಎರಡು ಮನೆಗಳಿದ್ದವು. 1849ರಲ್ಲಿ ಒಂದನ್ನು ಗಾಡಿ ಕಟ್ಟುವ ಕಾರ್ಖಾನೆಯಾಗಿ ಮಾರ್ಪಡಿಸಿದರು. ಭಾರವೆಲ್ಲ ಪಕ್ಕದ ಮನೆಯ ಬದಿಯ ನೆಲದ ಮೇಲೆ ಕೂತಿತು. ಸುಮಾರು 27 ವರ್ಷದ ಮೇಲೆ ಪಕ್ಕದವರು ತಮ್ಮ ಮನೆ ಕೆಡವಿ ಆಳಕ್ಕೆ ಅಗೆದರು, ಕಾರ್ಖಾನೆ ಕುಸಿಯಿತು. ಡಾಲ್ಟನ್ ವಿರುದ್ಧ ಆ್ಯಂಗಸ್ ಎಂದು ವಕೀಲರೆಲ್ಲ ಓದಿರುವ ಆ ಮೊಕದ್ದಮೆಯಲ್ಲಿ 1881ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಕಾರ್ಖಾನೆಯ ಪರವಾಗಿ ತೀರ್ಪು ಕೊಟ್ಟಿತು. 'ಅಗೆದದ್ದು ನಾನಲ್ಲ, ಗುತ್ತಿಗೆದಾರ' ಎಂಬ ವಾದವನ್ನೂ ಅದೇ ತೀರ್ಪು ತಳ್ಳಿಹಾಕಿತು. ಪಕ್ಕದವರಿಗೆ ಅಪಾಯವಾಗುವಂಥ ಕೆಲಸ ಮಾಡಿಸುವ ಒಡೆಯ ಆ ಹೊಣೆಯನ್ನು ಕೆಲಸದವರ ತಲೆಗೆ ಕಟ್ಟಿ ಪಾರಾಗುವಂತಿಲ್ಲ. ಪುತ್ತೂರಿನ ಹಿತ್ತಿಲಲ್ಲಿ ಕೇಳಿಬಂದ ಜೆಸಿಬಿಯವನ ಮಾತಿಗೂ ಉತ್ತರ ಅದೇ.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಜಗಳ ಬಗೆಹರಿಯದಿರುವುದಕ್ಕೆ ಒಂದು ಕಾರಣವಿದೆ. ಬಹುತೇಕ ಕಡೆ ಕೆಳಗಿನವರು ಕಡಿದಿರುತ್ತಾರೆ, ಮೇಲಿನವರು ತುಂಬಿಯೂ ಇರುತ್ತಾರೆ. ಪುತ್ತೂರಿನ ಆ ದರೆಯೂ ಹಾಗೆಯೇ. ಎಂಟು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟುವಾಗ ಕೆಳಗಿನವರು 9 ಅಡಿ ಕಡಿಸಿದ್ದರು. ಆಮೇಲೆ ಮಾಸ್ಟ್ರು, ಮಗಳ ಮದುವೆಯ ಚಪ್ಪರಕ್ಕೆ ಅಂಗಳ ಸಾಲುವುದಿಲ್ಲವೆಂದು, ಅಂಚಿನವರೆಗೆ 3 ಅಡಿ ಮಣ್ಣು ತುಂಬಿಸಿದ್ದರು. ಈಗ ಒಟ್ಟು ಎತ್ತರ 12 ಅಡಿ. ಅವರ ಮನೆ ಅಂಚಿನಿಂದ 20 ಅಡಿ ಒಳಗಿದ್ದದ್ದು ಪುಣ್ಯ.

12 ಅಡಿಯಲ್ಲಿ 9 ಅವರದು, 3 ಇವರದು. ಹಾಗಾದರೆ ಖರ್ಚಿನಲ್ಲೂ ಮುಕ್ಕಾಲು ಅವರು, ಕಾಲು ಇವರು ಎಂದು ಯಾರಿಗಾದರೂ ತೋಚುತ್ತದೆ. ಮಣ್ಣಿನ ಒತ್ತಡ ಹಾಗೆ ನಡೆಯುವುದಿಲ್ಲ. ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುತ್ತ ಹೋಗುತ್ತದೆ. ಅದನ್ನೆಲ್ಲ ಕೂಡಿಸಿದರೆ ಗೋಡೆಯ ಮೇಲಿನ ಒಟ್ಟು ತಳ್ಳುವಿಕೆ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎತ್ತರ ಎರಡು ಪಟ್ಟಾದರೆ ತಳ್ಳುವಿಕೆ ನಾಲ್ಕು ಪಟ್ಟು, ಗೋಡೆಯನ್ನು ಬುಡದಲ್ಲಿ ಮಗುಚುವ ಬಲ ಎಂಟು ಪಟ್ಟು. ಒಂಬತ್ತೊಂಬತ್ಲ 81, ಹನ್ನೆರಡು ಹನ್ನೆರಡ್ಲ 144. ಮೇಲಿನ ಆ ಮೂರೇ ಅಡಿ ಸೇರಿದ್ದರಿಂದ ತಳ್ಳುವಿಕೆ 81ರಿಂದ 144ಕ್ಕೆ ಹೋಯಿತು. ಅಂದರೆ ಕಾಲು ಭಾಗ ಎತ್ತರ ಕೊಟ್ಟ ಮದುವೆ ಅಂಗಳ ಶೇಕಡ 44ರಷ್ಟು ಭಾರ ಕೊಟ್ಟಿದೆ. ಊರಿನ ಎಂಜಿನಿಯರೊಬ್ಬರು ಬೀಡಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲೇ ಈ ಗುಣಾಕಾರ ಬರೆದು ತೋರಿಸಿದಾಗ ಮಾಸ್ಟ್ರು ಎರಡು ಸಲ ಓದಿದರು. ಅವರು ಕಲಿಸುತ್ತಿದ್ದ ವಿಷಯವೇ ಗಣಿತ.

ಇದರ ಮೇಲೆ ನೀರು ಸೇರುತ್ತದೆ. ಬಿದ್ದ ತಡೆಗೋಡೆಗಳ ಬಗ್ಗೆ ಮೇಸ್ತ್ರಿಗಳನ್ನು ಕೇಳಿದರೆ ಸಿಮೆಂಟು ಕಡಿಮೆಯಾಗಿತ್ತು ಅನ್ನುತ್ತಾರೆ, ಮನೆಯವರನ್ನು ಕೇಳಿದರೆ ಕಲ್ಲು ಸರಿ ಇರಲಿಲ್ಲ ಅನ್ನುತ್ತಾರೆ. ಹೆಚ್ಚಿನ ಕಡೆ ಗೋಡೆಯನ್ನು ಬೀಳಿಸಿದ್ದು ಅದರ ಹಿಂದೆ ನಿಂತ ನೀರು. ಲೆಕ್ಕ ಸರಳ. 3 ಮೀಟರ್ ಎತ್ತರದ ಗೋಡೆಯ ಹಿಂದೆ ಒಣ ಮರಳುಮಣ್ಣು ಇದ್ದರೆ ಒಂದು ಮೀಟರ್ ಉದ್ದದ ಗೋಡೆಯನ್ನು ಅದು ಎರಡೂವರೆಯಿಂದ ಮೂರು ಟನ್ ಬಲದಲ್ಲಿ ತಳ್ಳುತ್ತದೆ. ಅದೇ ಮಣ್ಣಿನಲ್ಲಿ ತುದಿಯವರೆಗೆ ನೀರು ನಿಂತರೆ ತಳ್ಳುವಿಕೆ ಆರು ಟನ್ ಆಸುಪಾಸಿಗೆ ಏರುತ್ತದೆ. ಮಣ್ಣಿನ ಕಣಗಳು ಒಂದಕ್ಕೊಂದು ಹಿಡಿದುಕೊಂಡು ತಮ್ಮ ಭಾರವನ್ನು ಸ್ವಲ್ಪಮಟ್ಟಿಗೆ ತಾವೇ ಹೊರುತ್ತವೆ. ನೀರಿಗೆ ಆ ಹಿಡಿತವಿಲ್ಲ. ತನ್ನ ಪೂರ್ತಿ ಒತ್ತಡವನ್ನು ಅಡ್ಡಕ್ಕೂ ಹಾಕುತ್ತದೆ.

ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಐದು ಸೆಂಟ್ಸ್ ಅಂಗಳದ ಮೇಲೆ ಒಂದು ದಿನ 100 ಮಿಲಿಮೀಟರ್ ಬಿದ್ದರೆ 20,000 ಲೀಟರ್ ಆಯಿತು. ಆ ನೀರಿಗೆ ದಾರಿ ಮಾಡಿಕೊಡದೆ ಗೋಡೆ ಕಟ್ಟಿದರೆ ಅದರ ಹಿಂದೆ ಒಂದು ಟ್ಯಾಂಕ್ ಕಟ್ಟಿದಂತೆಯೇ. ಇಲ್ಲಿನ ಮಣ್ಣಿನ ಸ್ವಭಾವವೂ ಸೇರಿಕೊಳ್ಳುತ್ತದೆ. ಮೇಲೆ ಗಟ್ಟಿ ಕೆಂಪುಕಲ್ಲಿನ ಪದರ, ಜೆಸಿಬಿ ಹಲ್ಲು ತಾಗಿದರೆ ಕಿಡಿ ಹಾರುವಷ್ಟು ಗಟ್ಟಿ. ಅದನ್ನು ನೋಡಿ ಇದು ಬೀಳುವುದುಂಟೇ ಎಂದು ನೇರ ಕಡಿಸುತ್ತಾರೆ. ಆದರೆ ಅದರಡಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿಮಣ್ಣು ಇರುತ್ತದೆ. ಬೇಸಗೆಯಲ್ಲಿ ಪಿಕ್ಕಾಸಿಗೂ ಬಗ್ಗದ ಆ ಮಣ್ಣು ನೀರು ಕುಡಿದಾಗ ಬೆಣ್ಣೆಯ ಹಾಗೆ ಮೆತ್ತಗಾಗುತ್ತದೆ. ಕೆಳಗಿನ ಶೇಡಿ ಜಾರಿದ ಮೇಲೆ ಮೇಲಿನ ಗಟ್ಟಿ ಕಲ್ಲು ಹಲಗೆಯಂತೆ ಮುರಿದು ಬೀಳುತ್ತದೆ.

ಎತ್ತರದ, ದುಬಾರಿ ಗೋಡೆಗಳಿಗೂ ವಿನಾಯಿತಿ ಇಲ್ಲ. 2022ರ ಮಳೆಗಾಲದಲ್ಲಿ ಮಡಿಕೇರಿಯ ಜಿಲ್ಲಾಡಳಿತ ಭವನದ ಬಳಿಯ ಎತ್ತರದ ತಡೆಗೋಡೆಯ ಕಾಂಕ್ರೀಟ್ ಫಲಕಗಳು ಉಬ್ಬಿ ಹೊರಚಾಚಿದಾಗ ಕೆಳಗಿನ ಹೆದ್ದಾರಿಯಲ್ಲಿ ವಾಹನ ಸಂಚಾರವನ್ನೇ ನಿಲ್ಲಿಸಬೇಕಾಯಿತು.

ತಡೆಗೋಡೆಗೂ ಪಾಗಾರಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಒತ್ತಿ ಹೇಳಲೇಬೇಕು, ಯಾಕೆಂದರೆ ಜೀವ ಹೋಗುವುದು ಇದೇ ಗೊಂದಲದಲ್ಲಿ. ಪಾಗಾರ ಅಥವಾ ಕಾಂಪೌಂಡ್ ಗೋಡೆ ತನ್ನ ಭಾರ ತಾನು ಹೊತ್ತು ನಿಲ್ಲುವುದಕ್ಕಷ್ಟೇ ಕಟ್ಟಿದ್ದು. ಒಂದೇ ಕಲ್ಲಿನ ದಪ್ಪ, ಆಳವಿಲ್ಲದ ಪಾಯ. ಮುಂದೆ ಯಾವಾಗಲೋ ಒಂದು ಬದಿಗೆ ಮಣ್ಣು ಏರಿಸುತ್ತಾರೆ, ತೆಂಗಿನ ಗಿಡ ನೆಡುತ್ತಾರೆ, ಇಂಟರ್‌ಲಾಕ್ ಹಾಸುತ್ತಾರೆ. ಹೆಸರು ಕಾಂಪೌಂಡೇ, ಆದರೆ ಕೆಲಸ ತಡೆಗೋಡೆಯದ್ದಾಗಿರುತ್ತದೆ. 2024ರ ಜೂನ್ 26ರಂದು ಮಂಗಳೂರಿನ ಕುತ್ತಾರು ಮದನಿನಗರದಲ್ಲಿ ಪಕ್ಕದ ಮನೆಯ ಕಾಂಪೌಂಡ್ ಗೋಡೆ ಮನೆಯ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ವರು, ಗಂಡ ಹೆಂಡತಿ ಮತ್ತು ಎರಡು ಮಕ್ಕಳು, ತೀರಿಕೊಂಡರು. 2019ರ ಡಿಸೆಂಬರ್ 2ರ ನಸುಕಿನಲ್ಲಿ ತಮಿಳುನಾಡಿನ ಮೆಟ್ಟುಪಾಳ್ಯಂ ಬಳಿಯ ನಡೂರಿನಲ್ಲಿ ಪಕ್ಕದ ಜಾಗದ ಎತ್ತರದ ಕಲ್ಲಿನ ಕಾಂಪೌಂಡ್ ಮಳೆಗೆ ಕುಸಿದು ಕೆಳಗಿನ ಸಣ್ಣ ಮನೆಗಳಲ್ಲಿ ಮಲಗಿದ್ದ 17 ಜನ ಸತ್ತರು. ಎರಡೂ ಕಡೆ ಬಿದ್ದದ್ದು ನೆರೆಯವರ ಗೋಡೆ.

ನಿಜವಾದ ತಡೆಗೋಡೆಗೆ ದಪ್ಪ ಬೇಕು. ಬರೀ ಭಾರದ ಬಲದಿಂದ ನಿಲ್ಲುವ ಕಲ್ಲುಗೋಡೆಯಾದರೆ ಬುಡದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದೆಂಬುದು ವಾಡಿಕೆಯ ಲೆಕ್ಕ. 10 ಅಡಿ ಗೋಡೆಗೆ ಬುಡದಲ್ಲಿ 5ರಿಂದ 6 ಅಡಿ. ಗಡಿಯ ಉದ್ದ 50 ಅಡಿಯಿದ್ದರೆ 250ರಿಂದ 300 ಚದರ ಅಡಿ ನೆಲ ಗೋಡೆಯ ಪಾಲಾಯಿತು. ಒಂದು ಸೆಂಟ್ ಎಂದರೆ 435.6 ಚದರ ಅಡಿ. ಸೆಂಟಿಗೆ ಲಕ್ಷಗಟ್ಟಲೆ ಕೊಟ್ಟು ಕೊಂಡ ಜಾಗದಲ್ಲಿ ಅರ್ಧ ಸೆಂಟಿಗೂ ಹೆಚ್ಚು ನೆಲವನ್ನು ಕಲ್ಲಿಗೆ ಬಿಟ್ಟುಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ನೆರೆಹೊರೆಯ ಎಷ್ಟೋ ಜಗಳಗಳ ಒಳಗಿರುವುದು ದುಡ್ಡಿಗಿಂತ ಈ ನೆಲದ ಪ್ರಶ್ನೆ ಎಂದು ಈ ಅಂಕಣ ಬರೆಯುವವರಿಗೆ ಅನಿಸಿದೆ. ಗೋಡೆ ಯಾರ ಜಾಗದೊಳಗೆ ನಿಲ್ಲಬೇಕು? ಕಟ್ಟುವ ಹೊಣೆ ಯಾರದೋ ಅವರ ಜಾಗದೊಳಗೆ. ಪಾಯದ ಕಲ್ಲು ಸಹ ನೆಲದಡಿಯಲ್ಲಿ ಗಡಿ ದಾಟುವಂತಿಲ್ಲ. ಜಾಗ ಉಳಿಸಬೇಕೆಂದರೆ ಕಬ್ಬಿಣ ಹಾಕಿದ ಕಾಂಕ್ರೀಟ್ ಗೋಡೆ ಇದೆ, ಅದರ ಕಾಲು ಹಿಂಬದಿಯ ಮಣ್ಣಿನಡಿಗೆ ಚಾಚುತ್ತದೆ. ಆ ಕಾಲು ಪಕ್ಕದವರ ನೆಲದೊಳಗೆ ಹೋಗುವುದಾದರೆ ಅವರ ಲಿಖಿತ ಒಪ್ಪಿಗೆ ಬೇಕೇ ಬೇಕು.

ಇಷ್ಟೆಲ್ಲ ಮಾತಾಡುವ ಮೊದಲು ಗಡಿ ಎಲ್ಲಿದೆ ಎಂದು ತಿಳಿದಿರಬೇಕಷ್ಟೆ. ದರೆಯ ಅಂಚೇ ಗಡಿ ಎಂದು ಮೇಲಿನವರು, ದರೆಯ ಬುಡವೇ ಗಡಿ ಎಂದು ಕೆಳಗಿನವರು ತಿಳಿದಿರುತ್ತಾರೆ. ಎರಡೂ ಅಲ್ಲದೆ ನಡುವೆಲ್ಲೋ ಇರುವುದೂ ಉಂಟು. ಇದಕ್ಕಿರುವ ದಾರಿ ಹದ್ದುಬಸ್ತು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಸರ್ಕಾರಿ ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಹಳೆಯ ದಾಖಲೆ ಹಿಡಿದು ಅಳೆದು ಗಡಿ ಗುರುತಿಸುತ್ತಾರೆ. ಹಳೇ ಮೈಸೂರಿನಲ್ಲಿ ಆ ದಾಖಲೆ ಟಿಪ್ಪಣಿ. ಅಳೆದದ್ದು 33 ಅಡಿಯ ಸರಪಳಿಯಲ್ಲಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ 1,089 ಚದರ ಅಡಿ, ಅದೇ ಒಂದು ಗುಂಟೆ. ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಎಕರೆಯನ್ನು ನೂರು ಪಾಲು ಮಾಡಿದ ಸೆಂಟ್ ಉಳಿದುಕೊಂಡಿತು. ಅಳತೆ ಯಾವುದಾದರೂ ನಿಯಮ ಒಂದೇ: 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ತನ್ನ ಜಮೀನಿನ ಬಾಂದುಕಲ್ಲುಗಳನ್ನು ಸುಸ್ಥಿತಿಯಲ್ಲಿ ಕಾಪಾಡುವ ಹೊಣೆ ಭೂಹಿಡುವಳಿದಾರನದೇ. ತಟ್ಟು ಮಾಡುವ ಭರದಲ್ಲಿ ಜೆಸಿಬಿ ಮೊದಲು ಕೀಳುವುದು ಆ ಕಲ್ಲನ್ನೇ. ಕೆಲಸ ಶುರುವಾಗುವ ಹಿಂದಿನ ದಿನ ಗಡಿಕಲ್ಲಿನ ಜೊತೆಗೆ ಸುತ್ತಲಿನ ಮರ, ಮನೆ ಮೂಲೆ ಕಾಣುವಂತೆ ನಾಲ್ಕು ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ದೊಡ್ಡ ಸಹಾಯ.

ನೀರಿನ ಜಗಳ ಮಣ್ಣಿನ ಜಗಳಕ್ಕಿಂತಲೂ ಹೆಚ್ಚು ಕಾಲ ನಡೆಯುತ್ತದೆ. ಮೇಲಿನ ನೆಲದಲ್ಲಿ ಬಿದ್ದ ಮಳೆ ನಿಶ್ಚಿತ ಕಾಲುವೆಯಿಲ್ಲದೆ ಸಹಜವಾಗಿ ಕೆಳಗೆ ಹರಿದರೆ ಕೆಳಗಿನವರು ಬಿಟ್ಟುಕೊಳ್ಳಬೇಕು, ಇದೂ 7ನೆಯ ಕಲಮಿನದೇ ಮಾತು. ಹಾಗಾಗಿ ತಡೆಗೋಡೆಯ ತೂತುಗಳಿಂದ ಒಸರುವ ನೀರು ತನ್ನ ಅಂಗಳಕ್ಕೆ ಬರುತ್ತದೆಂದು ಕೆಳಗಿನವರು ಸಿಮೆಂಟು ಮೆತ್ತಿ ಮುಚ್ಚುವುದು ತಪ್ಪು, ಪ್ರಾಣಕ್ಕೇ ಅಪಾಯ ತರುವ ತಪ್ಪು. ಆದರೆ ಮಾಡಿನ ನೀರು, ಬಚ್ಚಲ ನೀರು, ಅಂಗಳದ ನೀರನ್ನೆಲ್ಲ ಒಂದು ಪೈಪಿಗೆ ಸೇರಿಸಿ ದರೆಯ ಅಂಚಿನಲ್ಲಿ ಬಿಟ್ಟರೆ ಅದು ಸಹಜ ಹರಿವಲ್ಲ. ಅದನ್ನು ತಾಳಿಕೊಳ್ಳಬೇಕಾದ ಹಂಗು ಕೆಳಗಿನವರಿಗಿಲ್ಲ.

ಮಾತಿನಿಂದ ಬಗೆಹರಿಯದಿದ್ದರೆ? ಪೊಲೀಸ್ ಠಾಣೆಯಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ, ಇದು ಸಿವಿಲ್ ವ್ಯಾಜ್ಯ ಎಂದು. ಸಿವಿಲ್ ನ್ಯಾಯಾಲಯದಲ್ಲಿ ಎರಡು ಸಂಗತಿ ನೆನಪಿಡಬೇಕು. ಆಧಾರ ತೆಗೆದರು ಎಂಬ ಕಾರಣಕ್ಕೆ ಪರಿಹಾರ ಕೇಳಬೇಕಾದರೆ ಗಣನೀಯ ನಷ್ಟ ನಿಜವಾಗಿಯೂ ಆಗಿರಬೇಕು, ಈಸ್‌ಮೆಂಟ್ ಕಾಯ್ದೆಯ 34ನೆಯ ಕಲಂ ಹಾಗೆನ್ನುತ್ತದೆ. ಆದರೆ ತಡೆಯಾಜ್ಞೆ ಕೇಳುವುದಕ್ಕೆ ಕುಸಿತವಾಗುವವರೆಗೆ ಕಾಯಬೇಕಾಗಿಲ್ಲ. ಪಕ್ಕದಲ್ಲಿ ಜೆಸಿಬಿ ನೇರ ಕಡಿಯುತ್ತಿರುವಾಗಲೇ ನ್ಯಾಯಾಲಯಕ್ಕೆ ಹೋಗಬಹುದು. ಗೋಡೆ ವಾಲಿದೆ, ಇನ್ನೊಂದು ಮಳೆಗೆ ಬೀಳುವಂತಿದೆ ಎಂಬ ತುರ್ತಿದ್ದರೆ ಬೇರೆ ಬಾಗಿಲಿದೆ. ಬೀಳುವಂತಿರುವ ಕಟ್ಟಡದಿಂದ ನೆರೆಹೊರೆಯವರಿಗೆ ಅಥವಾ ದಾರಿಹೋಕರಿಗೆ ಅಪಾಯವಿದ್ದರೆ ಅದನ್ನು ತೆಗೆಯಲು, ದುರಸ್ತಿ ಮಾಡಲು ಅಥವಾ ಆಧಾರ ಕೊಡಲು ಆದೇಶಿಸುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿದ್ದ ಈ ಅಧಿಕಾರ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿದೆ. ಫೋಟೊಗಳೊಂದಿಗೆ ಸಹಾಯಕ ಆಯುಕ್ತರಿಗೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯನ್ನು ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು.

ಆದರೂ ನ್ಯಾಯಾಲಯದ ದಾರಿ ಉದ್ದದ್ದು. ಮಳೆ ಜೂನ್ ಮೊದಲ ವಾರಕ್ಕೇ ಬರುತ್ತದೆ. ದರೆಯ ಮೇಲ್ಭಾಗದಲ್ಲಿ ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ, ಅಡಿಕೆ ತೆಂಗು ಒಂದೇ ದಿಕ್ಕಿಗೆ ವಾಲತೊಡಗಿದರೆ, ಗೋಡೆಯ ಹೊಟ್ಟೆ ಉಬ್ಬಿದರೆ, ಜೋರು ಮಳೆಯಲ್ಲೂ ಗೋಡೆಯ ತೂತುಗಳು ಒಣಗಿದ್ದರೆ ಯಾರ ತಪ್ಪೆಂಬ ಲೆಕ್ಕವನ್ನು ಅಲ್ಲಿಗೇ ಬಿಟ್ಟು ಆ ರಾತ್ರಿ ಬೇರೆ ಕಡೆ ಮಲಗಬೇಕು. ದರೆಯ ಬದಿಯ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಲೇಬಾರದು.

ಪುತ್ತೂರಿನ ಎರಡು ಮನೆಯವರು ನ್ಯಾಯಾಲಯಕ್ಕೆ ಹೋಗಲಿಲ್ಲ. ಆ ಮಳೆಗಾಲವನ್ನು ದರೆಗೆ ನೀಲಿ ಟಾರ್ಪಾಲು ಹೊದಿಸಿ, ಮೇಲೆ ನೀರು ತಿರುಗಿಸುವ ಒಂದು ಕಣಿ ತೋಡಿ ಹೇಗೋ ಕಳೆದರು. ಕೆಳಗಿನ ಮನೆಯ ಹಿಂದಿನ ಕೋಣೆಗೆ ನಾಲ್ಕು ತಿಂಗಳು ಬೀಗ. ದೀಪಾವಳಿ ಕಳೆದ ಮೇಲೆ ಹದ್ದುಬಸ್ತು ಮಾಡಿಸಿದರು. ಗಡಿ ಬಂದದ್ದು ದರೆಯ ಅಂಚಿನಿಂದ ಒಂದಡಿ ಒಳಗೆ, ಮಾಸ್ಟ್ರ ಕಡೆಗೆ. ಅವರ ಮದುವೆ ಅಂಗಳದ ಒಂದಡಿ ಕೆಳಗಿನವರ ಜಾಗದಲ್ಲಿ ಕೂತಿತ್ತು. ಅಕ್ಕ ಅದನ್ನು ಎತ್ತಿ ಆಡಲಿಲ್ಲ.

ಎಂಜಿನಿಯರ್ ಎರಡು ದಾರಿ ತೋರಿಸಿದ್ದರು. 12 ಅಡಿಗೂ ಗೋಡೆ ಕಟ್ಟಿ ಖರ್ಚನ್ನು 56ಕ್ಕೆ 44ರಂತೆ ಹಂಚಿಕೊಳ್ಳುವುದು ಒಂದು. ತುಂಬಿದ ಮಣ್ಣನ್ನು ಅಂಚಿನಿಂದ 10 ಅಡಿ ಒಳಗಿನವರೆಗೆ ತೆಗೆದುಹಾಕಿ, 9 ಅಡಿ ಗೋಡೆಯಷ್ಟೇ ಕಟ್ಟುವುದು ಇನ್ನೊಂದು. ಮಾಸ್ಟ್ರು ಎರಡನೆಯದನ್ನು ಆರಿಸಿದರು. ಮಗಳ ಮದುವೆ ಆಗಿ ಹೋಗಿದೆ, ಇನ್ನು ಅಷ್ಟು ಅಂಗಳ ಯಾಕೆ ಅಂದರಂತೆ. ಮಣ್ಣು ತೆಗೆಸಿದ ಖರ್ಚು, ಮೇಲಿನ ಕಣಿಗೆ ಕಾಂಕ್ರೀಟ್ ಹಾಕಿದ ಖರ್ಚು ಅವರದು. ಗೋಡೆಯ ಖರ್ಚು ಕೆಳಗಿನವರದು, ಜಾಗವೂ ಅವರದೇ. ತೂತುಗಳ ಮುಂದೆ ಮಣ್ಣು ಹಾಕಬಾರದು, ಕಣಿಯಲ್ಲಿ ಕಸ ಕಟ್ಟಲು ಬಿಡಬಾರದು, ಪ್ರತಿ ಮೇ ತಿಂಗಳು ಇಬ್ಬರೂ ಸೇರಿ ನೋಡಬೇಕು ಎಂಬುದನ್ನೆಲ್ಲ ಕಾಗದದಲ್ಲಿ ಬರೆದು ನೋಂದಣಿ ಮಾಡಿಸಿದರು. ನಾಳೆ ಯಾರಾದರೂ ಜಾಗ ಮಾರಿದರೆ ಕೊಳ್ಳುವವರಿಗೂ ಗೊತ್ತಿರಲಿ ಎಂದು.

ಗೋಡೆ ಕಟ್ಟುವಾಗ ಅಕ್ಕ ದಿನವೂ ಮೊರ ಹಿಡಿದು ಅಲ್ಲೇ ಕೂತಿರುತ್ತಿದ್ದರು. ಹಿಂಬದಿಗೆ ಅಗೆದ ಮಣ್ಣನ್ನೇ ತುಂಬಿ ಮುಗಿಸೋಣ ಎಂದ ಮೇಸ್ತ್ರಿಯನ್ನು ತಡೆದು, ಎಂಜಿನಿಯರ್ ಹೇಳಿದ ಹಾಗೆ ಬುಡದಿಂದ ಮೇಲಿನವರೆಗೆ ಒಂದಡಿ ಅಗಲಕ್ಕೆ ಜಲ್ಲಿ ಹಾಕಿಸಿದರು, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಬಟ್ಟೆ ಇಡಿಸಿದರು. ಐದೈದು ಅಡಿಗೆ ಒಂದರಂತೆ ಮೂರು ಸಾಲು ಪೈಪು. ಮೇಲೆ ಮಣ್ಣು ತೆಗೆದ ಇಳಿಜಾರಿನಲ್ಲಿ ಮಾಸ್ಟ್ರು ಲಾವಂಚ ನೆಟ್ಟರು. ನೆಟ್ಟ ಮೇಲೆ ನೇರ ಕೆಳಕ್ಕೆ ಎರಡು ಮೂರು ಮೀಟರ್ ಬೇರು ಬಿಡುವ ಹುಲ್ಲು ಅದು. ಅದರ ಪಕ್ಕ, ಹೋದ ವರ್ಷ ಕೆಳಗೆ ಬಿದ್ದಿದ್ದ ದಾಸವಾಳದ್ದೇ ಒಂದು ಕೊಂಬೆ. ಅದನ್ನು ಇಷ್ಟು ದಿನ ಚಟ್ಟಿಯಲ್ಲಿಟ್ಟು ಉಳಿಸಿದ್ದು ಕೆಳಗಿನ ಮನೆಯವರು.

ಮರುವರ್ಷದ ಮೊದಲ ದೊಡ್ಡ ಮಳೆಗೆ ಇಬ್ಬರೂ ಕೊಡೆ ಹಿಡಿದು ಗೋಡೆಯ ಮುಂದೆ ನಿಂತಿದ್ದರು. ಮೊದಲು ಕೆಳಸಾಲಿನ ಪೈಪುಗಳಲ್ಲಿ ನೀರು ಬಂತು, ಕೆಂಪಗೆ. ಮಾಸ್ಟ್ರಿಗೆ ಗಾಬರಿಯಾಗಿ ಎಂಜಿನಿಯರಿಗೆ ಫೋನು ಮಾಡಿದರು. ಜಲ್ಲಿಯ ಧೂಳು ತೊಳೆದು ಹೋಗಬೇಕು, ಸ್ವಲ್ಪ ಹೊತ್ತು ನೋಡಿ, ಮತ್ತೂ ಕೆಂಪಗೇ ಬಂದರೆ ಮಣ್ಣು ಹೋಗುತ್ತಿದೆ ಎಂದರ್ಥ, ಆಗ ಹೇಳಿ ಎಂದರು ಅವರು. ಅರ್ಧ ಗಂಟೆ ಕಳೆಯಿತು. ಅಕ್ಕ ಒಂದು ಸ್ಟೀಲು ಲೋಟ ತಂದು ಪೈಪಿನ ಬಾಯಿಗೆ ಹಿಡಿದು, ತುಂಬಿದ ಮೇಲೆ ಮಾಸ್ಟ್ರ ಕೈಗೆ ಕೊಟ್ಟರು. ಲೋಟದ ತಳ ಕಾಣುತ್ತಿತ್ತು.